ದಿನಕ್ಕೊಂದು ಹಾಳೆ: ಯೆಹೂದಿಗಳ ದಫ್ ಯೋಮಿ, ಒಂದು ಪ್ರಕರಣ ಅಧ್ಯಯನ

ಸತ್ತ ಮೇಲೆ ಮೇಲಿನ ನ್ಯಾಯಸ್ಥಾನದಲ್ಲಿ ಮನುಷ್ಯನನ್ನು ಏನೇನು ಕೇಳುತ್ತಾರೆ? ಯೆಹೂದಿಗಳ ಧರ್ಮಶಾಸ್ತ್ರದ ದೊಡ್ಡ ಗ್ರಂಥ ತಾಲ್ಮುಡ್. ಅದರ ಶಬ್ಬಾತ್ ಸಂಪುಟದ 31ನೇ ಹಾಳೆಯಲ್ಲಿ ರಾವಾ ಎಂಬ ಪಂಡಿತರು ಒಂದು ಪಟ್ಟಿ ಕೊಡುತ್ತಾರೆ. ಮೊದಲ ಪ್ರಶ್ನೆ: ವ್ಯಾಪಾರ ವ್ಯವಹಾರದಲ್ಲಿ ಪ್ರಾಮಾಣಿಕವಾಗಿದ್ದೆಯಾ? ಎರಡನೆಯದು: ಧರ್ಮಗ್ರಂಥ ಓದೋದಕ್ಕೆ ಅಂತ ಒಂದು ಹೊತ್ತು ಗೊತ್ತು ಮಾಡಿಕೊಂಡಿದ್ದೆಯಾ? ಬುದ್ಧಿ ಉಪಯೋಗಿಸಿ ವಾದ ಮಾಡಿದೆಯಾ ಎನ್ನುವ ಪ್ರಶ್ನೆಯೂ ಆಮೇಲೆ ಬರುತ್ತದೆ. ಎಷ್ಟು ಸಂಪುಟ ಮುಗಿಸಿದೆ ಅಂತ ಮಾತ್ರ ಎಲ್ಲೂ ಕೇಳುವುದಿಲ್ಲ.

ಆ ಎರಡನೇ ಪ್ರಶ್ನೆಗೆ 1923ರಲ್ಲಿ ಹುಟ್ಟಿದ ಉತ್ತರವೇ ದಫ್ ಯೋಮಿ. ದಿನಕ್ಕೆ ತಾಲ್ಮುಡ್‌ನ ಒಂದು ಹಾಳೆ, ಎರಡೂ ಮಗ್ಗುಲು. ಲೋಕದ ಎಲ್ಲ ಕಡೆ ಆ ದಿನ ಅದೇ ಹಾಳೆ. ಒಟ್ಟು 2,711 ಹಾಳೆ. ಮುಗಿಯೋದಕ್ಕೆ ಸುಮಾರು ಏಳು ವರ್ಷ ಐದು ತಿಂಗಳು ಬೇಕು. ಅಂಗಡಿಯವರು, ವಕೀಲರು, ಡಾಕ್ಟರು, ರಿಟೈರ್ ಆದವರು ಇದನ್ನು ಮಾಡುತ್ತಾರೆ. ಪರೀಕ್ಷೆ ಬರೆಯಬೇಕಿಲ್ಲ, ಸರ್ಟಿಫಿಕೇಟ್ ಸಿಗೋದಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಆದರೂ ಜನ ಯಾಕೆ ಕೂರುತ್ತಾರೆ?

ಹೇಗೆ ಶುರುವಾಯಿತು

ಮೊದಲ ಮಹಾಯುದ್ಧ ಮುಗಿದು ಐದು ವರ್ಷವೂ ಆಗಿರಲಿಲ್ಲ. ಪೂರ್ವ ಯೂರೋಪಿನ ಯೆಹೂದಿ ಊರುಗಳು ಚೆಲ್ಲಾಪಿಲ್ಲಿಯಾಗಿದ್ದವು. ಹುಡುಗರು ದೊಡ್ಡ ಪಟ್ಟಣಗಳಿಗೆ, ಅಮೆರಿಕಕ್ಕೆ ಹೊರಟಿದ್ದರು. ಕೆಲವರನ್ನು ಸಮಾಜವಾದ ಸೆಳೆಯಿತು, ಕೆಲವರನ್ನು ಜಿಯೋನಿಸಂ, ಅಂದರೆ ಯೆಹೂದಿಗಳಿಗೆ ಸ್ವಂತ ನಾಡು ಬೇಕೆನ್ನುವ ಚಳವಳಿ. ತಾಲ್ಮುಡ್ ಅನ್ನೋದು ಯೆಶಿವಾ ಎಂಬ ಪಾಠಶಾಲೆಗಳಲ್ಲಿ ಕೂತವರ ಸೊತ್ತು ಎನ್ನುವಂತಾಗಿತ್ತು. ಅಲ್ಲೂ ಹೆಚ್ಚಾಗಿ ಕೆಲವು ಸಂಪುಟಗಳನ್ನೇ ಮತ್ತೆ ಮತ್ತೆ ಓದುತ್ತಿದ್ದರು. ಉಳಿದವಕ್ಕೆ ಧೂಳು ಹಿಡಿಯುತ್ತಿತ್ತು.

1923ರ ಆಗಸ್ಟಿನಲ್ಲಿ ಅಗುದತ್ ಇಸ್ರೇಲ್ ಎಂಬ ಸಂಪ್ರದಾಯಸ್ಥರ ಸಂಘಟನೆ ವಿಯೆನ್ನಾದಲ್ಲಿ ತನ್ನ ಮೊದಲ ವಿಶ್ವ ಸಮ್ಮೇಳನ ನಡೆಸಿತು. ಅಲ್ಲಿ 36 ವರ್ಷದ ರಬ್ಬಿ ಮೇಯಿರ್ ಶಪಿರೋ ಎದ್ದು ನಿಂತು ಈ ಯೋಜನೆ ಮುಂದಿಟ್ಟರು. ಪೋಲೆಂಡಿನ ಸನೋಕ್ ಊರಿನ ರಬ್ಬಿ, ಅಂದರೆ ಧರ್ಮಗುರು, ಅವರು. ಆ ದೇಶದ ಸಂಸತ್ತಿನ ಸದಸ್ಯರೂ ಹೌದು. ಸಭೆ ಕಟ್ಟೋದು, ಮಾತಾಡೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಕೊಟ್ಟ ಚಿತ್ರ ಹೀಗಿತ್ತು: ಒಬ್ಬ ಯೆಹೂದಿ ಜೆರುಸಲೇಮ್ ಕಡೆಯಿಂದ ಅಮೆರಿಕಕ್ಕೆ ಹಡಗು ಹತ್ತುತ್ತಾನೆ. ಕಂಕುಳಲ್ಲಿ ತಾಲ್ಮುಡ್‌ನ ಒಂದು ಸಂಪುಟ. ದಾರಿಯುದ್ದಕ್ಕೂ ದಿನಕ್ಕೊಂದು ಹಾಳೆ ಓದುತ್ತಾನೆ. ನ್ಯೂಯಾರ್ಕಿನಲ್ಲಿ ಇಳಿದು ಯಾವುದೋ ಓದುಮನೆಗೆ ಕಾಲಿಡುತ್ತಾನೆ. ಅಲ್ಲಿ ಗುರುತು ಪರಿಚಯ ಇಲ್ಲದವರು ಅದೇ ಹಾಳೆ ಬಿಚ್ಚಿಕೊಂಡು ಕೂತಿದ್ದಾರೆ. ಇವನೂ ಬೆಂಚಿನ ಮೇಲೆ ಕೂತು ವಾದಕ್ಕೆ ಸೇರಿಕೊಳ್ಳುತ್ತಾನೆ.

ವ್ಯಾಪಾರಿ ಶಾಸ್ತ್ರ ತಿಳಿದುಕೊಂಡು ಸಮುದ್ರ ದಾಟೋದು ಅವರಲ್ಲಿ ಹೊಸದೇನಲ್ಲ. 12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲೇ ನೆಲೆಸಿ ವ್ಯಾಪಾರ ಮಾಡುತ್ತಿದ್ದ ಅಬ್ರಹಾಂ ಬೆನ್ ಯಿಜು ಶಾಸ್ತ್ರ ಬಲ್ಲವನು. ಪದ್ಯವನ್ನೂ ಬರೆಯುತ್ತಿದ್ದ. ಏಡನ್ನಿನ ಗೆಳೆಯರು ಅವನಿಗೆ ಸರಕಿನ ಜೊತೆ ಕಾಗದವನ್ನೂ ಕಳಿಸುತ್ತಿದ್ದರು. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಕೋಣೆಯಲ್ಲಿ ಉಳಿದುಕೊಂಡಿದ್ದವು.

1923ರ ಸೆಪ್ಟೆಂಬರ್ 11, ಯೆಹೂದಿಗಳ ಹೊಸ ವರ್ಷದ ದಿನ, ಮೊದಲ ಸುತ್ತು ಶುರುವಾಯಿತು. ಗೆರ್ ಎಂಬ ಊರಿನ ರೆಬ್ಬೆ, ಅಂದರೆ ಪೋಲೆಂಡಿನಲ್ಲಿ ಸಾವಿರಾರು ಶಿಷ್ಯರಿದ್ದ ಗುರು, ಹಬ್ಬದ ರಾತ್ರಿ "ನಾನು ಇವತ್ತಿನ ಹಾಳೆ ಓದೋದಕ್ಕೆ ಹೋಗುತ್ತೇನೆ" ಅಂದರಂತೆ. ಶಿಷ್ಯರು ಹಿಂದೆಯೇ ಹೊರಟರು. ದೊಡ್ಡ ಗುರುವಿನ ಒಂದು ಮಾತು ಹತ್ತು ಕರಪತ್ರಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ ಅಲ್ವಾ.

ಆ ಒಂದು ಹಾಳೆಯಲ್ಲಿ ಏನಿರುತ್ತದೆ

ಎಲ್ಲರೂ ಒಂದೇ ದಿನ ಒಂದೇ ಹಾಳೆ ಓದಬೇಕಾದರೆ ಎಲ್ಲರ ಪುಸ್ತಕದಲ್ಲೂ ಹಾಳೆಯ ಸಂಖ್ಯೆ ಒಂದೇ ಇರಬೇಕು. ಇದು 400 ವರ್ಷ ಮೊದಲೇ ಆಗಿತ್ತು. ಮಾಡಿದ್ದು ಡೇನಿಯಲ್ ಬೊಂಬೆರ್ಗ್ ಎಂಬ ಕ್ರೈಸ್ತ ಮುದ್ರಕ. 1520ರಿಂದ 1523ರ ನಡುವೆ ಅವನು ವೆನಿಸ್‌ನಲ್ಲಿ ಇಡೀ ತಾಲ್ಮುಡ್ ಛಾಪಿಸಿದ. ಅವನ ಪುಟ ವಿನ್ಯಾಸವೇ ನಿಂತುಬಿಟ್ಟಿತು. ಆಮೇಲೆ ಯಾವ ಊರಲ್ಲಿ ಛಾಪಿಸಿದರೂ 31ನೇ ಹಾಳೆಯಲ್ಲಿ ಅದೇ ಮಾತು. 30 ವರ್ಷ ಕಳೆದು, 1553ರಲ್ಲಿ, ರೋಮ್‌ನ ಚೌಕದಲ್ಲಿ ಇದೇ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು.

ಪುಟದ ನಡುವೆ ಮೂಲ. ಮೊದಲು ಮಿಶ್ನಾ, ಅಂದರೆ ಕ್ರಿ.ಶ. 200ರ ಹೊತ್ತಿಗೆ ಸೇರಿಸಿದ ಚುಟುಕು ನಿಯಮಗಳು. ಅದರ ಕೆಳಗೆ ಗೆಮಾರಾ. ಇಂದಿನ ಇರಾಕ್‌ನಲ್ಲಿದ್ದ ಪಂಡಿತರು ಆ ನಿಯಮಗಳ ಮೇಲೆ ತಲೆಮಾರುಗಳ ಕಾಲ ನಡೆಸಿದ ಜಗಳ, ಕಥೆ, ಲೆಕ್ಕ, ಔಷಧಿ, ಕನಸು ಎಲ್ಲ ಅಲ್ಲಿದೆ. ಒಳಬದಿಯಲ್ಲಿ 11ನೇ ಶತಮಾನದ ಫ್ರಾನ್ಸಿನ ರಶಿ ಬರೆದ ಟೀಕೆ. ಹೊರಬದಿಯಲ್ಲಿ ಅವರ ಮೊಮ್ಮಕ್ಕಳು, ಶಿಷ್ಯರು ಎತ್ತಿದ ಆಕ್ಷೇಪಗಳು. ರಶಿ ಅಜ್ಜ ಆದರೇನು, ಬಿಡೋದಿಲ್ಲ. ಮೂಲದಲ್ಲಿ ಸ್ವರಚಿಹ್ನೆ ಇಲ್ಲ, ಪೂರ್ಣವಿರಾಮ ಇಲ್ಲ. ಭಾಷೆ ಅರ್ಧ ಹೀಬ್ರೂ, ಅರ್ಧ ಅರಾಮಿಕ್. ಎಲ್ಲಿ ಪ್ರಶ್ನೆ ಮುಗಿದು ಉತ್ತರ ಶುರುವಾಯಿತು ಅನ್ನೋದನ್ನೂ ಓದುವವನೇ ಕಂಡುಕೊಳ್ಳಬೇಕು.

ಈಗಿನ ಸುತ್ತಿನಲ್ಲಿ 2024ರ ಫೆಬ್ರವರಿ 29ರಂದು ಬಾವಾ ಮೆಟ್ಸಿಯಾ ಎಂಬ ಸಂಪುಟ ಶುರುವಾಯಿತು. ಯೆಶಿವಾ ಹುಡುಗರಿಗೆ ತುಂಬಾ ಪರಿಚಿತವಾದ ಪಾಠ ಇದು. ಇಬ್ಬರು ಒಂದು ಬಟ್ಟೆ ಹಿಡಿದುಕೊಂಡು ನ್ಯಾಯಾಧೀಶರ ಮುಂದೆ ಬಂದಿದ್ದಾರೆ. "ನನಗೆ ಸಿಕ್ಕಿದ್ದು, ಪೂರ್ತಿ ನನ್ನದು" ಅನ್ನುತ್ತಾನೆ ಒಬ್ಬ. ಇನ್ನೊಬ್ಬನದೂ ಅದೇ ಮಾತು. ಮಿಶ್ನಾದ ತೀರ್ಪು: ಇಬ್ಬರೂ ಪ್ರಮಾಣ ಮಾಡಲಿ, ಅರ್ಧರ್ಧ ಹಂಚಿಕೊಳ್ಳಲಿ.

ಇಲ್ಲಿಗೆ ಮುಗಿಯಿತಲ್ಲ ಅನಿಸುತ್ತದೆ. ಗೆಮಾರಾ ಶುರುವಾಗೋದೇ ಇಲ್ಲಿಂದ. "ನನಗೆ ಸಿಕ್ಕಿದ್ದು" ಅಂದ ಮೇಲೆ "ನನ್ನದು" ಅಂತ ಮತ್ತೆ ಯಾಕೆ ಹೇಳಬೇಕು? ಒಂದು ಉತ್ತರ: ಕಣ್ಣಿಗೆ ಬಿದ್ದರೇ ಸಿಕ್ಕಿದಂತೆ ಅಂತ ಯಾರೋ ಅಂದುಕೊಂಡಾರು, ಬರೀ ನೋಡಿದರೆ ಒಡೆತನ ಬರೋದಿಲ್ಲ ಅಂತ ತಿಳಿಸೋದಕ್ಕೆ. ಸರಿ, ಪ್ರಮಾಣ ಯಾಕೆ? ಮುಂದಿನ ಹಾಳೆಯಲ್ಲಿ ರಬ್ಬಿ ಯೋಹಾನಾನ್ ಹೇಳುತ್ತಾರೆ: ಪ್ರಮಾಣ ಇಲ್ಲದಿದ್ದರೆ ಕಂಡವರೆಲ್ಲ ಬೀದಿಯಲ್ಲಿ ಹೋಗುವವನ ಬಟ್ಟೆಗೆ ಜೋತುಬಿದ್ದು ನನ್ನದು ಅಂದುಬಿಡುತ್ತಾರೆ. ಇನ್ನೂ ಒಂದು ತೊಡಕಿದೆ. ಏನಂತ ಪ್ರಮಾಣ ಮಾಡೋದು? "ಪೂರ್ತಿ ನನ್ನದು" ಅಂದರೆ ಕೋರ್ಟು ಅರ್ಧ ಮಾತ್ರ ಕೊಡುತ್ತಿದೆ. "ಅರ್ಧ ನನ್ನದು" ಅಂದರೆ ತಾನೇ ಮೊದಲು ಹೇಳಿದ್ದು ಸುಳ್ಳಾಗುತ್ತದೆ. ಅದಕ್ಕೇ "ಇದರಲ್ಲಿ ನನ್ನ ಪಾಲು ಅರ್ಧಕ್ಕಿಂತ ಕಮ್ಮಿ ಇಲ್ಲ" ಅಂತ ಪ್ರಮಾಣದ ಮಾತನ್ನು ಹೊಂದಿಸಿದ್ದಾರೆ.

ಇದನ್ನು ಒಬ್ಬನೇ ಕೂತು ಮೌನವಾಗಿ ಓದುವ ರೂಢಿ ಕಮ್ಮಿ. ಇಬ್ಬರು ಎದುರುಬದುರು ಕೂರುತ್ತಾರೆ, ಇಲ್ಲವೇ ಒಬ್ಬರು ಪಾಠ ಹೇಳುತ್ತಾರೆ. ಒಬ್ಬ ರಾಗ ಎಳೆದು ಓದುತ್ತಾನೆ, ಇನ್ನೊಬ್ಬ ಮೇಜು ಬಡಿದು ತಡೆಯುತ್ತಾನೆ. ಓದುಮನೆಗೆ ಹೊಸದಾಗಿ ಹೋದವರಿಗೆ ಜಗಳ ಆಗುತ್ತಿದೆಯೇನೋ ಅನಿಸಬೇಕು, ಅಷ್ಟು ಗದ್ದಲ. ಇದೇ ಬಾವಾ ಮೆಟ್ಸಿಯಾದ 84ನೇ ಹಾಳೆಯಲ್ಲಿ ಈ ಜೋಡಿ ಓದಿನ ಕಥೆ ಬರುತ್ತದೆ. ರೇಶ್ ಲಕೀಶ್ ಸತ್ತ ಮೇಲೆ ಅವನ ಓದಿನ ಜೊತೆಗಾರ ರಬ್ಬಿ ಯೋಹಾನಾನ್ ಕಂಗೆಟ್ಟುಹೋದರು. ಸಮಾಧಾನಕ್ಕೆ ಅಂತ ಒಬ್ಬ ಒಳ್ಳೆಯ ಪಂಡಿತನನ್ನು ಕಳಿಸಿದರು. ಅವನು ಪ್ರತಿ ಮಾತಿಗೂ "ನೀವು ಹೇಳಿದ್ದಕ್ಕೆ ಆಧಾರ ಇದೆ" ಅನ್ನುತ್ತಿದ್ದ. ಯೋಹಾನಾನ್‌ಗೆ ರೇಗಿತು. ನಾನು ಸರಿ ಅಂತ ನನಗೆ ಗೊತ್ತಿಲ್ಲವಾ? ರೇಶ್ ಲಕೀಶ್ ಆಗಿದ್ದರೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ತಾನಾಗೇ ಬಿಚ್ಚಿಕೊಳ್ಳುತ್ತಿತ್ತು ಅಂದರು.

ಲುಬ್ಲಿನ್, ಆಮೇಲೆ ಯುದ್ಧ

ಶಪಿರೋ ಅವರ ಇನ್ನೊಂದು ಕೆಲಸ ಪೋಲೆಂಡಿನ ಲುಬ್ಲಿನ್‌ನಲ್ಲಿ ಕಟ್ಟಿಸಿದ ಯೆಶಿವಾ. ಆಗಿನ ಯೆಶಿವಾ ಹುಡುಗರ ಪಾಡು ನಮ್ಮ ಹಿಂದಿನ ತಲೆಮಾರಿನವರಿಗೆ ಹೇಳಬೇಕಾಗಿಲ್ಲ. ವಾರಾನ್ನವೇ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಕೆಲವು ದಿನ ಯಾರ ಮನೆಯೂ ಇಲ್ಲ. ಮಲಗೋದು ಸಿನಗಾಗ್‌ನ ಬೆಂಚಿನ ಮೇಲೆ. ಶಪಿರೋಗೆ ಇದು ಸಹಿಸಲಾಗದ ಅವಮಾನ. ಅಮೆರಿಕ, ಯೂರೋಪು ಸುತ್ತಿ ಹಣ ಎತ್ತಿದರು. 1930ರಲ್ಲಿ ಹಾಸ್ಟೆಲ್, ಊಟದ ಮನೆ, ಗ್ರಂಥಾಲಯ ಎಲ್ಲ ಇದ್ದ ದೊಡ್ಡ ಕಟ್ಟಡ ತೆರೆಯಿತು. ಸೇರಬೇಕಾದರೆ ತಾಲ್ಮುಡ್‌ನ 200 ಹಾಳೆ ಬಾಯಿಪಾಠ ಇರಬೇಕಿತ್ತು.

ಒಂದು ಕಡೆ ಇಷ್ಟು ಬಿಗಿ. ಇನ್ನೊಂದು ಕಡೆ ಅದೇ ಮನುಷ್ಯ ಅಂಗಡಿಯವನಿಗೆ ದಿನಕ್ಕೊಂದು ಹಾಳೆ ಸಾಕು ಅನ್ನುತ್ತಾರೆ. ಅವರ ಜಾಣತನ ಇದರಲ್ಲೇ ಇತ್ತು ಅಂತ ನನಗೆ ಅನಿಸುತ್ತದೆ. ಪಂಡಿತನಿಗೆ ಒಂದು ಅಳತೆ, ಸಂಸಾರಸ್ಥನಿಗೆ ಇನ್ನೊಂದು. ಆದರೆ ಪುಸ್ತಕ ಬೇರೆ ಅಲ್ಲ, ಸರಳ ಮಾಡಿದ್ದಲ್ಲ, ಅದೇ.

1931ರ ಫೆಬ್ರವರಿ 2ರಂದು ಮೊದಲ ಸುತ್ತು ಮುಗಿಯಿತು. ಲುಬ್ಲಿನ್‌ನಲ್ಲಿ ಜನ ಕಿಕ್ಕಿರಿದರು. ಎರಡು ವರ್ಷ ಕಳೆದು, 1933ರ ಅಕ್ಟೋಬರಿನಲ್ಲಿ, ಶಪಿರೋ ತೀರಿಕೊಂಡರು. ಆಗ 46 ವರ್ಷ. ಮಕ್ಕಳಿರಲಿಲ್ಲ. ದಫ್ ಯೋಮಿ, ಯೆಶಿವಾ ಇವೆರಡೇ ನನ್ನ ಮಕ್ಕಳು ಅನ್ನುತ್ತಿದ್ದರಂತೆ.

ಮೂರನೇ ಸುತ್ತು 1938ರ ಜೂನ್ 28ಕ್ಕೆ ಶುರುವಾಗಿ 1945ರ ನವೆಂಬರ್ 19ಕ್ಕೆ ಮುಗಿಯಿತು. ದಿನಾಂಕ ನೋಡಿದರೇ ಸಾಕು. ಶುರು ಮಾಡಿದವರಲ್ಲಿ ಎಷ್ಟೋ ಜನ ಮುಗಿಸೋದಕ್ಕೆ ಬದುಕಿರಲಿಲ್ಲ. ಲುಬ್ಲಿನ್ ಯೆಶಿವಾವನ್ನು ನಾತ್ಸಿಗಳು ಮುಚ್ಚಿಸಿದರು. ಯುದ್ಧದ ನಂತರ ಅದು ವೈದ್ಯಕೀಯ ಕಾಲೇಜಾಯಿತು. ಅಲ್ಲಿನ ಸಿನಗಾಗ್ ಮತ್ತೆ ತೆರೆದದ್ದು 2007ರಲ್ಲಿ.

ಬದುಕುಳಿದವರು ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದರು. ಅಲ್ಲಿನ ರಬ್ಬಿಗಳು ಅಮೆರಿಕನ್ ಸೈನ್ಯದ ಮುಂದೆ ಒಂದು ಬೇಡಿಕೆ ಇಟ್ಟರು: ತಾಲ್ಮುಡ್ ಛಾಪಿಸಿ ಕೊಡಿ. ಆಗ ಅಲ್ಲಿ ಕಾಗದಕ್ಕೇ ಬರ. ಆದರೂ ಹೈಡೆಲ್‌ಬರ್ಗ್‌ನ ಜರ್ಮನ್ ಛಾಪಖಾನೆಯಲ್ಲಿ ಕೆಲಸ ನಡೆದು 19 ಸಂಪುಟ ಹೊರಬಂದವು. ಮುಖಪುಟದ ಕೆಳಗಡೆ ಮುಳ್ಳುತಂತಿಯ ಶಿಬಿರದ ಚಿತ್ರವಿದೆ.

ಬೆಳೆದ ಬಗೆ

ಯುದ್ಧದ ನಂತರ ಕೆಲವು ದಶಕ ದಫ್ ಯೋಮಿ ಮಂದವಾಗೇ ಇತ್ತು. ಅದನ್ನು ಎಬ್ಬಿಸಿದ್ದು ಅನುವಾದಗಳು. ಅದಿನ್ ಸ್ಟೈನ್‌ಸಾಲ್ಟ್ಸ್ 1965ರಲ್ಲಿ ಆಧುನಿಕ ಹೀಬ್ರೂ ವಿವರಣೆ ಶುರು ಮಾಡಿದರು. ವಿರಾಮಚಿಹ್ನೆ, ಸ್ವರಚಿಹ್ನೆ ಎಲ್ಲ ಹಾಕಿ 2010ರಲ್ಲಿ ಮುಗಿಸಿದರು. ಆರ್ಟ್‌ಸ್ಕ್ರೋಲ್ ಪ್ರಕಾಶನ 73 ಸಂಪುಟಗಳ ಇಂಗ್ಲಿಷ್ ಆವೃತ್ತಿಯನ್ನು 2005ರಲ್ಲಿ ಪೂರೈಸಿತು. ಯೆಶಿವಾ ಮೆಟ್ಟಿಲು ಹತ್ತದವರಿಗೂ ಹಾಳೆ ತೆರೆಯಿತು. ನ್ಯೂಯಾರ್ಕಿನ ಲಾಂಗ್ ಐಲೆಂಡ್ ರೈಲಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಒಂದು ಡಬ್ಬಿಯಲ್ಲಿ ಸೇರಿ ಪಾಠ ನಡೆಸೋದಕ್ಕೆ ಶುರು ಮಾಡಿದರು. 2017ರಿಂದ ಸ್ಟೈನ್‌ಸಾಲ್ಟ್ಸ್ ಅನುವಾದ ಸೆಫಾರಿಯಾ ಜಾಲತಾಣದಲ್ಲಿ ಪುಕ್ಕಟೆ.

2020ರ ಜನವರಿ 1ರಂದು, 13ನೇ ಸುತ್ತು ಮುಗಿಯುವ ಹೊತ್ತಿಗೆ, ನ್ಯೂಜೆರ್ಸಿಯ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ ಸುಮಾರು 90,000 ಜನ ಚಳಿಯಲ್ಲಿ ಕೂತಿದ್ದರು. ಜನವರಿ 5ಕ್ಕೆ 14ನೇ ಸುತ್ತು ಶುರುವಾಯಿತು. ಮಾರ್ಚ್ 8ಕ್ಕೆ ಶಬ್ಬಾತ್ ಸಂಪುಟ. ಅದೇ ತಿಂಗಳು ಕೋವಿಡ್ ಬಂದು ಸಿನಗಾಗ್‌ಗಳಿಗೆ ಬೀಗ ಬಿತ್ತು. ಪಾಠ ಜೂಮ್‌ಗೆ ಹೋಯಿತು. ಮನೆಯಲ್ಲೇ ಕೂತವರಿಗೆ ದಿನದ ಲೆಕ್ಕ ತಪ್ಪುತ್ತಿದ್ದ ಕಾಲ ಅದು. ಹಾಳೆಯ ಸಂಖ್ಯೆ ಮಾತ್ರ ದಿನಾ ಒಂದೊಂದು ಮುಂದೆ ಹೋಗುತ್ತಿತ್ತು.

ಓದಿಗೆ ಇವರು ಎಷ್ಟು ಬೆಲೆ ಕೊಡುತ್ತಾರೆ ಅನ್ನೋದಕ್ಕೆ ನನಗೆ ಕ್ರೀಡಾಂಗಣಕ್ಕಿಂತ ದೊಡ್ಡ ಸಾಕ್ಷಿ ಎರಡು ಸಣ್ಣ ನಿಯಮಗಳು. ಜೆರುಸಲೇಮ್‌ನ ದೇವಾಲಯ ನಾಶವಾದ ನೆನಪಿನ ದಿನ, ತಿಶಾ ಬೆಆವ್. ಅಂದು ಉಪವಾಸ. ಅದರ ಜೊತೆಗೆ ಶಾಸ್ತ್ರ ಓದೋದಕ್ಕೂ ನಿಷೇಧ, ಶೋಕದ ಭಾಗಗಳನ್ನು ಬಿಟ್ಟು. ಯಾಕೆಂದರೆ ಓದಿದರೆ ಮನಸ್ಸಿಗೆ ಖುಷಿಯಾಗುತ್ತದೆ! ಊಟದ ಸಾಲಿನಲ್ಲೇ ಓದನ್ನೂ ಇಟ್ಟಿದ್ದಾರೆ. ಎರಡನೆಯದು, ಪಾಸ್‌ಓವರ್ ಹಬ್ಬದ ಹಿಂದಿನ ದಿನ ಚೊಚ್ಚಲ ಗಂಡುಮಕ್ಕಳು ಉಪವಾಸ ಮಾಡಬೇಕು. ಆದರೆ ಅವತ್ತು ಬೆಳಿಗ್ಗೆ ಯಾರಾದರೂ ಒಂದು ಸಂಪುಟ ಓದಿ ಮುಗಿಸಿದರೆ, ಆ ಮುಕ್ತಾಯದಲ್ಲಿ ಕೂತವರು ಊಟ ಮಾಡಬಹುದು. ಹಾಗಾಗಿ ಪಾಠ ಹೇಳುವವರು ಸರಿಯಾಗಿ ಆ ದಿನಕ್ಕೆ ಮುಗಿಯುವಂತೆ ಒಂದು ಸಣ್ಣ ಸಂಪುಟದ ಕೊನೆಯ ಸಾಲುಗಳನ್ನು ಉಳಿಸಿಕೊಂಡಿರುತ್ತಾರೆ.

ಆಕ್ಷೇಪಗಳು

ದಫ್ ಯೋಮಿಯನ್ನು ಯೆಶಿವಾದವರೇ ಮೂಗು ಮುರಿದು ನೋಡಿದ್ದುಂಟು. ಅಲ್ಲಿ ಒಂದು ಹಾಳೆಗೆ ವಾರಗಟ್ಟಲೆ ತೆಗೆದುಕೊಳ್ಳುತ್ತಾರೆ. ಇಲ್ಲಿ ಮುಕ್ಕಾಲು ಗಂಟೆ. ಮೇಲೆ ಹೇಳಿದ ಬಟ್ಟೆಯ ಜಗಳವನ್ನೇ ನೋಡಿ, ಅದನ್ನು ಒಂದೇ ದಿನದಲ್ಲಿ ಅರಗಿಸಿಕೊಳ್ಳಲು ಆಗುತ್ತದಾ? ಇಲ್ಲ. ನಾಳೆ ಇನ್ನೊಂದು ಹಾಳೆ ಕಾಯುತ್ತಿರುತ್ತದೆ. ಓದಿದ್ದರಲ್ಲಿ ಬಹುಪಾಲು ಮರೆತುಹೋಗುತ್ತದೆ. ಇದು ಸುಮ್ನೆ ಹೊಟ್ಟೆಕಿಚ್ಚಿನ ಮಾತಲ್ಲ, ನಿಜವಾದ ದೋಷ.

ನಾನಾದರೂ ಶಪಿರೋ ಕಡೆಗೇ ವಾಲುತ್ತೇನೆ. ವಾರಗಟ್ಟಲೆ ಕೂರುವ ಅನುಕೂಲ ಇಲ್ಲದವನಿಗೆ ಇರುವ ಬದಲಿ ಯಾವುದು? ಬಹಳ ಸಲ ಏನೂ ಇಲ್ಲ. ಇನ್ನು ಮರೆವಿನ ಮಾತು. ಎರುವಿನ್ ಸಂಪುಟದ 54ನೇ ಹಾಳೆಯಲ್ಲಿ ರಬ್ಬಿ ಪ್ರೇದಾ ಬರುತ್ತಾರೆ. ಅವರಿಗೊಬ್ಬ ಶಿಷ್ಯ. ಒಂದು ಪಾಠ 400 ಸಲ ಹೇಳಿದರೇ ತಲೆಗೆ ಹೋಗೋದು. ಒಂದು ದಿನ ಗುರುಗಳಿಗೆ ಎಲ್ಲಿಂದಲೋ ಕರೆ ಬಂತು. ಇವರು ಯಾವಾಗ ಎದ್ದು ಹೋಗುತ್ತಾರೋ ಅಂತ ಶಿಷ್ಯನ ಗಮನ ಅತ್ತಲೇ. 400 ಸಲ ಹೇಳಿದರೂ ಹತ್ತಲಿಲ್ಲ. ಗುರುಗಳು ಕೂತು ಇನ್ನೂ 400 ಸಲ ಹೇಳಿದರು. ಅಂಥ ಶಿಷ್ಯನನ್ನು ದಡ್ಡ ಅಂತ ಎಬ್ಬಿಸಿ ಕಳಿಸದ ಸಂಪ್ರದಾಯಕ್ಕೆ ಮರೆಯುವ ವಕೀಲನನ್ನು ಸಹಿಸಿಕೊಳ್ಳೋದು ಕಷ್ಟವಲ್ಲ.

ಹೆಂಗಸರ ವಿಷಯದಲ್ಲಿ ಮಾತ್ರ ಇಷ್ಟು ಔದಾರ್ಯ ಇರಲಿಲ್ಲ. ಮಗಳಿಗೆ ಶಾಸ್ತ್ರ ಕಲಿಸಬೇಕು ಅಂತ ಬೆನ್ ಅಜ್ಜಾಯ್, ಕೂಡದು ಅಂತ ರಬ್ಬಿ ಎಲಿಯೇಜರ್. ವಾದ ಮಿಶ್ನಾದಲ್ಲೇ ಇದೆ. ಶತಮಾನಗಳ ಕಾಲ ಗೆದ್ದದ್ದು ಎರಡನೆಯದು. 1917ರಲ್ಲಿ ಕ್ರಾಕೋವ್‌ನ ಸಾರಾ ಶೆನಿರೆರ್, ಬಟ್ಟೆ ಹೊಲಿದು ಬದುಕುತ್ತಿದ್ದ ಹೆಂಗಸು, ಹುಡುಗಿಯರಿಗೆ ಧಾರ್ಮಿಕ ಶಾಲೆ ತೆರೆದರು. ಅದು ಬೇಯ್ಸ್ ಯಾಕೋವ್ ಶಾಲೆಗಳ ದೊಡ್ಡ ಜಾಲವಾಯಿತು. ಅಲ್ಲೂ ತಾಲ್ಮುಡ್ ಇರಲಿಲ್ಲ. ಇಸ್ರೇಲಿನ ರಾಅನನಾ ಊರಿನ ಮಿಶೆಲ್ ಕೋಹೆನ್ ಫಾರ್ಬರ್ 2012ರಿಂದ ಹೆಂಗಸರಿಗೆ ದಿನದ ಹಾಳೆ ಪಾಠ ಮಾಡುತ್ತಾ ಬಂದರು. 2020ರ ಜನವರಿಯಲ್ಲಿ ಜೆರುಸಲೇಮ್‌ನಲ್ಲಿ ಹೆಂಗಸರ ಮುಕ್ತಾಯ ಸಮಾರಂಭಕ್ಕೆ 3,000ಕ್ಕೂ ಹೆಚ್ಚು ಜನ ಸೇರಿದರು. ಶಪಿರೋ ಯೋಜನೆಯಲ್ಲಿ ಇದು ಇರಲಿಲ್ಲ. ಆದರೆ ಹಾಳೆಯ ಸಂಖ್ಯೆ ಎಲ್ಲರಿಗೂ ಗೊತ್ತಿರುವಾಗ ಬಾಗಿಲು ಕಾಯೋದು ಯಾರಿಂದಾದೀತು?

ಮೂರನೇ ಜಗಳ ಇವೆರಡಕ್ಕಿಂತ ಕಹಿ. ಓದು ಅಷ್ಟು ದೊಡ್ಡದಾದರೆ, ಓದುವವನು ಬೇರೆ ಕೆಲಸ ಮಾಡಬೇಕಾ? ಸೈನ್ಯಕ್ಕೆ ಹೋಗಬೇಕಾ? 1948ರಲ್ಲಿ ಇಸ್ರೇಲಿನ ಪ್ರಧಾನಿ ಬೆನ್ ಗುರಿಯನ್ ಸುಮಾರು 400 ಯೆಶಿವಾ ವಿದ್ಯಾರ್ಥಿಗಳಿಗೆ ಸೈನ್ಯದಿಂದ ವಿನಾಯಿತಿ ಕೊಟ್ಟರು. ಯೂರೋಪಿನ ಯೆಶಿವಾಗಳು ಬೂದಿಯಾಗಿದ್ದ ಕಾಲ. ಆ ಸಂಖ್ಯೆ ಆಮೇಲೆ ಹತ್ತಾರು ಸಾವಿರಕ್ಕೆ ಬೆಳೆಯಿತು. 2024ರ ಜೂನ್ 25ರಂದು ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಈ ವಿನಾಯಿತಿಗೆ ಕಾನೂನಿನ ಆಧಾರ ಇಲ್ಲ. ಅವತ್ತೇ ದಫ್ ಯೋಮಿಯಲ್ಲಿ ಬಾವಾ ಮೆಟ್ಸಿಯಾದ ಕೊನೆಯ ಹಾಳೆ.

ಸಂಪ್ರದಾಯಸ್ಥರ ವಾದ: ದೇಶವನ್ನು ಕಾಯೋದು ಕೋವಿ ಮಾತ್ರವಲ್ಲ, ಓದೂ ಕಾಯುತ್ತದೆ. ಎದುರಿನವರು ಮೈಮೋನಿಡಿಸ್‌ನನ್ನು ತೆಗೆಯುತ್ತಾರೆ. 12ನೇ ಶತಮಾನದ ಆ ದೊಡ್ಡ ಪಂಡಿತ ಎರಡು ಮಾತು ಬರೆದಿದ್ದಾನೆ. ಬಡವನಾಗಲಿ, ರೋಗಿಯಾಗಲಿ, ಹಗಲೂ ರಾತ್ರಿಯೂ ಓದಿಗೆ ಹೊತ್ತು ಇಡಬೇಕು ಅನ್ನೋದು ಒಂದು. ದುಡಿಯದೆ, ದಾನದ ಮೇಲೆ ಬದುಕಿ ಓದುತ್ತೇನೆ ಅನ್ನುವವನು ದೇವರ ಹೆಸರಿಗೆ ಮಸಿ ಬಳಿದಂತೆ ಅನ್ನೋದು ಇನ್ನೊಂದು. ಅವನ ಮನೆ ನಡೆಸುತ್ತಿದ್ದುದು ರತ್ನ ವ್ಯಾಪಾರಿ ತಮ್ಮ ಡೇವಿಡ್. ವ್ಯಾಪಾರಕ್ಕೆ ಹೊರಟ ಅವನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಆಮೇಲೆ ಮೈಮೋನಿಡಿಸ್ ವೈದ್ಯಕೀಯ ಮಾಡಿ ಸಂಸಾರ ಸಾಕಿದ.

ದಫ್ ಯೋಮಿಯವರು ಈ ಜಗಳದಲ್ಲಿ ಒಂದು ಪಕ್ಷವಲ್ಲ, ಎರಡೂ ಕಡೆ ಇದ್ದಾರೆ. ಆದರೆ ಅವರ ಬದುಕಿನ ರೀತಿ ಮೈಮೋನಿಡಿಸ್ ಹೇಳಿದ್ದಕ್ಕೆ ಹತ್ತಿರ. ಬೆಳಿಗ್ಗೆ ಹಾಳೆ, ಆಮೇಲೆ ಅಂಗಡಿ. ಕಿದ್ದುಶೀನ್ ಸಂಪುಟದ 40ನೇ ಹಾಳೆಯಲ್ಲಿ ಇದೇ ಪ್ರಶ್ನೆಯನ್ನು ಲೋದ್ ಊರಿನ ಒಂದು ಮಹಡಿ ಮನೆಯಲ್ಲಿ ಕೇಳಿದ್ದಾರೆ: ಓದು ದೊಡ್ಡದೋ, ಆಚರಣೆ ದೊಡ್ಡದೋ? ಆಚರಣೆ ಅಂದರು ರಬ್ಬಿ ತರ್ಫೋನ್. ಓದು ಅಂದರು ರಬ್ಬಿ ಅಕೀವಾ. ಓದೇ ದೊಡ್ಡದು, ಯಾಕೆಂದರೆ ಓದು ಆಚರಣೆಗೆ ತಂದು ನಿಲ್ಲಿಸುತ್ತದೆ ಅಂತ ಉಳಿದವರು ತೀರ್ಮಾನ ಕೊಟ್ಟರು. ಗೆದ್ದದ್ದು ಅಕೀವಾ. ಕಾರಣ ಮಾತ್ರ ತರ್ಫೋನ್ ಕಡೆಯದು. ಇವತ್ತು ಎರಡೂ ಬಣ ಇದೇ ಸಾಲನ್ನು ಎತ್ತಿ ಹೇಳುತ್ತವೆ.

ಈಗ

ವೇಗ ಜಾಸ್ತಿ ಅನ್ನುವವರಿಗೆ ದಿನಕ್ಕೆ ಹಾಳೆಯ ಒಂದೇ ಮಗ್ಗುಲು ಓದುವ ಕ್ರಮಗಳು ಹುಟ್ಟಿಕೊಂಡಿವೆ. ಇಸ್ರೇಲಿನಲ್ಲಿ 929 ಎಂಬ ಕಾರ್ಯಕ್ರಮವಿದೆ. ಹೀಬ್ರೂ ಬೈಬಲಿನ 929 ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದುತ್ತಾರೆ, ದೇವರನ್ನು ನಂಬದವರೂ ಓದುತ್ತಾರೆ. ದಿನ ತಪ್ಪಿಸಿಕೊಂಡವರಿಗೆ ದಫ್ ಯೋಮಿಯವರು ಕೊಡುವ ಸಲಹೆ ಸರಳ: ಬಾಕಿ ಹೊತ್ತುಕೊಂಡು ಓಡಬೇಡಿ, ಇವತ್ತಿನ ಹಾಳೆಗೆ ಬನ್ನಿ. ಬಿಟ್ಟ ಹಾಳೆ ಮುಂದಿನ ಸುತ್ತಿನಲ್ಲಿ ಸಿಗುತ್ತದೆ. ಈಗಿನ ಸುತ್ತು 2027ರ ಜೂನ್ 7, ಸೋಮವಾರ, ನಿದ್ದಾ ಸಂಪುಟದ 73ನೇ ಹಾಳೆಯಲ್ಲಿ ಮುಗಿಯುತ್ತದೆ. ನಡುವೆ ರಜೆ ಇಲ್ಲ. ಮಂಗಳವಾರ ಬೆರಖೋತ್ ಸಂಪುಟದ ಮೊದಲ ಪ್ರಶ್ನೆ: ಸಂಜೆಯ ಶೆಮಾ ಪ್ರಾರ್ಥನೆಯನ್ನು ಯಾವ ಹೊತ್ತಿನಿಂದ ಹೇಳಬಹುದು?